ಕೈ ಎತ್ತುವ ಮುಂಚಿನ ಪಾಠ

ನಮ್ಮೂರಿನ ದರ್ಜಿಯ ಹತ್ತಿರ ಅಂಗಿ ಹೊಲಿಸಲು ಹೋದರೆ ಅವನು ಮೊದಲು ಕೇಳುವುದು ಅಳತೆಯನ್ನಲ್ಲ. "ಕೈ ಕೆಳಗಿಂದೋ, ಮ್ಯಾಲಿಂದೋ?" ಎಂದು ಕೇಳುತ್ತಾನೆ. ಕಂಪನಿಯ ಸಭೆಯಲ್ಲಿ ಠರಾವಿಗೆ ಎತ್ತಿದ ಕೈ, ಆ ಠರಾವಿನ ಕೆಲಸ ಮುಗಿಯುವ ತನಕ ಇಳಿಯುವುದಿಲ್ಲ. ಗೋಡೆ ಕಟ್ಟಿಸಲು ಎತ್ತಿದ ಕೈ ಗೋಡೆಗೆ ಸುಣ್ಣ ಬಳಿದ ದಿನ ಇಳಿಯುತ್ತದೆ. ಕೆಲಸಗಾರರಿಗೆ ಮನೆ ಕೊಡಲು ಎತ್ತಿದ ಕೈ ಕೊನೆಯ ಮನೆಯಲ್ಲಿ ಹಾಲು ಉಕ್ಕಿದ ಮೇಲೆ ಇಳಿಯುತ್ತದೆ. ಹಾಗಾಗಿ ಇಲ್ಲಿಯ ಬಸ್ಸಿನ ಬಾಗಿಲು ಎತ್ತರ. ಮದುವೆಯ ಫೋಟೋದಲ್ಲಿ ಕೈ ಮೇಲಿರುವವರನ್ನು ಹಿಂದಿನ ಸಾಲಿಗೆ ನಿಲ್ಲಿಸುತ್ತಾರೆ. ಸಂತೆಯಲ್ಲಿ ಅಂಥ ಗಂಡಂದಿರ ಕೈಗೆ ಹೆಂಡಂದಿರು ತರಕಾರಿ ಚೀಲ ಸಿಗಿಸುವುದೂ ಉಂಟು, ಯಾರೂ ನಗುವುದಿಲ್ಲ.

ನಾನು ಹೊರಗಿನಿಂದ ಬಂದವಳು. ಹಿಂದೆ ಬೇರೊಂದು ಊರಿನ ಕಂಪನಿಯಲ್ಲಿ ಕಾರ್ಯದರ್ಶಿಯಾಗಿದ್ದೆ. ಅಲ್ಲಿಯ ನಿರ್ದೇಶಕರು ಕೈ ಎತ್ತಿ, ಅದೇ ಕೈಯಿಂದ ಬಿಸ್ಕತ್ತು ತೆಗೆದು ಚಹಾದಲ್ಲಿ ಅದ್ದುತ್ತಿದ್ದರು. ಬಿಸ್ಕತ್ತು ಕರಗುವುದರೊಳಗೆ ತಾವು ಯಾವುದಕ್ಕೆ ಒಪ್ಪಿದ್ದೇವೆಂಬುದು ಅವರಿಗೆ ಮರೆತುಹೋಗುತ್ತಿತ್ತು. ಅದನ್ನು ನೋಡಿ ನೋಡಿ ರೋಸಿಹೋಗಿ ಈ ಊರಿನ ಕಾಲೇಜಿಗೆ ಕಂಪನಿ ಆಡಳಿತ ಕಲಿಸಲು ಬಂದೆ. ಇಲ್ಲಿ ಕಲಿಸುವುದಾದರೂ ಏನಿದೆ, ಅವರವರ ಕೈಯೇ ಅವರಿಗೆ ಪಾಠ ಹೇಳುತ್ತದಲ್ಲ ಎಂದುಕೊಂಡಿದ್ದೆ. ಎಲ್ಲಿಯ ಮಾತು! ದೊಡ್ಡವರು ಅದಕ್ಕೂ ಒಂದು ಉಪಾಯ ಹುಡುಕಿಟ್ಟಿದ್ದರು. ತಾವು ಅಧ್ಯಕ್ಷರಾಗಿ ಕೈ ಕಟ್ಟಿ ಕೂತು, ಎತ್ತುವುದಕ್ಕೆಂದೇ ಬಡವರನ್ನು ಹಿಡಿದು ತಂದು ಮಂಡಳಿಗೆ ಸೇರಿಸಿಕೊಳ್ಳುತ್ತಿದ್ದರು. ಅವರಿಗೆ ಊರಿನವರು ಇಟ್ಟ ಹೆಸರು ಕೈಮೆಂಬರು.

ಮಂಡಳಿಯಲ್ಲಿ ಕೂರುವ ಯಾರೇ ಆಗಲಿ ಮೊದಲು ಕಾಲೇಜಿನ ಪಾಠ ಮುಗಿಸಬೇಕೆಂಬುದು ಪುರಸಭೆಯ ನಿಯಮ. ಹೀಗಾಗಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಮಾಲೀಕರ ಮಕ್ಕಳು, ಮುಂದಿನ ಬೆಂಚಿನಲ್ಲಿ ಕೈಮೆಂಬರಾಗಲಿರುವವರು. ಪರಿಸರದ ಹೊಣೆ, ಸಮಾಜದ ಹೊಣೆ ಎಂಬ ಪಾಠ ಪುಸ್ತಕದ ಕಟ್ಟಕಡೆಯಲ್ಲಿತ್ತು. ಪರೀಕ್ಷೆಯ ಹಿಂದಿನ ವಾರ ಅದನ್ನು ಗಡಿಬಿಡಿಯಲ್ಲಿ ಓದಿ, ಕಾಲೇಜಿನ ಅಂಗಳದಲ್ಲಿ ಒಂದು ಸಸಿ ನೆಟ್ಟು ಮುಗಿಸುವುದು ರೂಢಿ. ನಾನು ಬಂದ ವರ್ಷವೇ ಅದನ್ನು ಮೊದಲಿಗೆ ತಂದೆ. ಲಾಭ ನಷ್ಟ ಆಮೇಲೆ, ಮೊದಲು ಹಳ್ಳಕ್ಕೆ ನಡೆಯಿರಿ ಎಂದೆ. ಪ್ರಿನ್ಸಿಪಾಲರು ಗೊಣಗಿದರು. ಗೊಣಗಲಿ ಬಿಡಿ, ಗೊಣಗುವವರ ಕೈಯೇನೂ ಮೇಲಿರುವುದಿಲ್ಲವಲ್ಲ.

ಕಾಶವ್ವ ಬಂದದ್ದು ಆ ವರ್ಷವೇ. ಹಳ್ಳದ ದಂಡೆಯ ಕೆಳಗಿನ ಓಣಿಯವಳು. ಹೊಸಕೇರಿಯವರ ಬಣ್ಣದ ಕಾರ್ಖಾನೆಯಲ್ಲಿ ಕಂಡಿಕೆ ಸುತ್ತುವ ಕೆಲಸ. ನೇಯುವವರಿಗೆ ನೂಲನ್ನು ಸಣ್ಣ ಕೊಳವೆಗಳಿಗೆ ಸುತ್ತಿ ಕೊಡಬೇಕು. ಮನೆಯ ಚಾವಣಿ ಸರಿಮಾಡಿಸಿಕೊಡುತ್ತೇವೆಂದು ಹೇಳಿ ಅವಳನ್ನು ಕೈಮೆಂಬರಾಗಲು ಒಪ್ಪಿಸಿದ್ದರು. ಮೊದಲ ದಿನ ಬಂದವಳೇ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅಕ್ಕೋರ, ಕಂಪನಿ ಕಂಪನಿ ಅಂತೀರಲ್ಲ, ಕಂಪನಿ ಅಂದ್ರ ಯಾರ್ರಿ? ಧಣ್ಯಾರಾ, ಕಟ್ಟಡಾ, ಏನ್ ಆ ಬೋರ್ಡಾ?" ಎಂದು ಕೇಳಿದಳು. ಹಿಂದಿನ ಬೆಂಚು ನಕ್ಕಿತು. ನನಗೆ ನಗು ಬರಲಿಲ್ಲ. ಎಷ್ಟೋ ವರ್ಷ ಕಾರ್ಯದರ್ಶಿಯಾಗಿದ್ದರೂ ನಾನು ಯಾರನ್ನೂ ಹಾಗೆ ಕೇಳಿರಲಿಲ್ಲ. ಆ ವಾರವೆಲ್ಲ ಅದೇ ಜಗಳ. ಕೊನೆಗೆ ಕರಿಹಲಗೆಯ ತುಂಬ ಹೆಸರು ಬರೆದೆವು: ಬಂಡವಾಳ ಹಾಕಿದವರು, ನೂಲು ಸುತ್ತುವವರು, ಬಣ್ಣ ಕಲಸುವವರು, ಸೀರೆ ಉಡುವವರು, ಕಾರ್ಖಾನೆಯ ಕೆಳಗೆ ನೀರು ತುಂಬುವವರು. ಇಷ್ಟೂ ಜನ ಸೇರಿದರೆ ಕಂಪನಿ ಎಂದೆ. ಕಾಶವ್ವ ಹಲಗೆಯನ್ನು ಬಹಳ ಹೊತ್ತು ದಿಟ್ಟಿಸಿ, "ಇಷ್ಟ್ ಮಂದೀನ ಸಂಭಾಳಸೂದ್ ಧಣ್ಯಾರಿಗೆ ಭಾಳ ತ್ರಾಸ ಬಿಡ್ರಿ" ಎಂದಳು.

ಈ ಊರಿನ ಶಾಲೆಗಳಲ್ಲಿ ಮಕ್ಕಳು ಪ್ರಶ್ನೆ ಕೇಳಬೇಕಾದರೆ ಬೆಂಚು ಕುಟ್ಟುತ್ತಾರೆ. ಕೈ ಎತ್ತುವುದೆಂದರೆ ಎಲ್ಲರಿಗೂ ಜೀವ ಝಲ್ಲೆನ್ನುತ್ತದೆ. ಆ ಟಕಟಕ ಸದ್ದಿಗೆ ನನಗೆ ತಲೆ ಚಿಟ್ಟುಹಿಡಿಯಿತು. "ಇದು ಕ್ಲಾಸು, ಸಭೆ ಅಲ್ಲ. ಇಲ್ಲಿ ಕೈ ಎತ್ತಿದರ ಏನೂ ಆಗೂದಿಲ್ಲ. ಪ್ರಶ್ನೆ ಇದ್ದವರು ಧೈರ್ಯದಿಂದ ಎತ್ರಿ" ಎಂದೆ. ಎಲ್ಲರೂ ಕೈಗಳನ್ನು ಕಂಕುಳಲ್ಲಿ ಮುಚ್ಚಿಕೊಂಡರು. ಕಾಶವ್ವ ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿ, ಬಲಗೈ ಎತ್ತಿ, ಒಂದು ಕ್ಷಣ ಬಿಟ್ಟು ಇಳಿಸಿದಳು. ಕಣ್ಣು ತೆರೆದು, "ಅಯ್ಯ ಅಕ್ಕೋರ, ಇಳೀತ್ ನೋಡ್ರಿ!" ಎಂದು ಚೀರಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಇಡೀ ತರಗತಿ ಕೈ ಎತ್ತಿ ಇಳಿಸಿ ಕುಣಿದಾಡಿತು. ಅಂದಿನಿಂದ ನನ್ನ ತರಗತಿಯಲ್ಲಿ ಅದೇ ಪದ್ಧತಿಯಾಯಿತು. ಊರಿನಲ್ಲಿ ಕೈ ಎತ್ತಲು ಹೆದರಬೇಕಾಗಿಲ್ಲದ ಒಂದೇ ಜಾಗ ನನ್ನದು ಎಂದು ನನಗೆ ಒಳಗೊಳಗೇ ಜಂಬ.

ಠರಾವಿಗೆ ಕೈ ಎತ್ತುವ ಮುಂಚೆ ಮೂರು ಪ್ರಶ್ನೆ ಕೇಳಲೇಬೇಕು ಎಂದು ಕಲಿಸಿದೆ. ಇದು ಎಲ್ಲಿಗೆ ಹೋಗುತ್ತದೆ? ಯಾರ ಮನೆಯ ಮುಂದೆ ಹಾದುಹೋಗುತ್ತದೆ? ಎಂದು ಮುಗಿಯುತ್ತದೆ? ಉತ್ತರ ಸಿಗದಿದ್ದರೆ ಕೈ ತೊಡೆಯ ಮೇಲೇ ಇರಲಿ. ಕಾಶವ್ವ ಕಂಡಿಕೆ ಸುತ್ತುತ್ತ ಆ ಮೂರನ್ನೂ ಬಾಯಿಪಾಠ ಮಾಡಿದಳು. ಪಾಠದ ನಡುವೆ ಸಂದೇಹ ಬಂದಾಗಲೆಲ್ಲ ಬೆರಳು ಜೋಡಿಸಿ, ತೋಳು ನೆಟ್ಟಗೆ ಮಾಡಿ, ಕೈ ಎತ್ತುವುದು ಅವಳಿಗೆ ಉಸಿರಾಡಿದಷ್ಟು ಸಲೀಸಾಯಿತು.

ಅವಳ ಮೊದಲ ಸಭೆಗೆ ನಾನೂ ಹೋದೆ. ಹೊಸ ಮೆಂಬರಿನ ಶಿಕ್ಷಕರು ಗೋಡೆಯ ಪಕ್ಕ ಕೂತು ನೋಡಬಹುದು, ಮಾತಾಡುವಂತಿಲ್ಲ. ಅಧ್ಯಕ್ಷ ಮಲ್ಲೇಶಪ್ಪ ಹೊಸಕೇರಿ ಬಹಳ ಸಮಾಧಾನದ ಮನುಷ್ಯ; ಗದರಿದ್ದನ್ನು ಯಾರೂ ಕೇಳಿಲ್ಲ. ಮೂವರು ಕೈಮೆಂಬರುಗಳಲ್ಲಿ ಎರಡು ಕೈ ಎದ್ದರೆ ಠರಾವು ಆದಂತೆ. ಕಾಶವ್ವನ ಆಚೆ ಬದಿ ದುಗ್ಗಪ್ಪ, ಕಾರ್ಖಾನೆಯ ನೀರಿನ ತೂಬು ಕಾಯುವವನು, ಧಣಿ ಹೇಳಿದ್ದಕ್ಕೆಲ್ಲ ಹೂಂ ಅನ್ನುವವನು. ಈಚೆ ಬದಿ ಬಸಣ್ಣಿ, ಯಾವುದೋ ಹಳೆಯ ಠರಾವಿಗೆ ಎತ್ತಿದ ಬಲಗೈ ಹೊತ್ತುಕೊಂಡು, ಇನ್ನೊಂದೂ ಹೋದರೆ ಉಣ್ಣುವುದು ಹೇಗೆಂದು ಹೆದರಿ ಕೂತಿದ್ದವನು.

"ಬಣ್ಣದ ನೀರು ಸೋಸೂ ಟಾಕಿ ಕೆಟ್ಟೈತಿ. ಇನ್ನ ಮ್ಯಾಲ ಆ ನೀರನ್ನ ಸೀದಾ ಹೊರಗ ಬಿಡೂದು ಅಂತ ಠರಾವು" ಎಂದರು ಹೊಸಕೇರಿಯವರು. ಎಲ್ಲಿಗೆ ಎಂದು ಹೇಳಲಿಲ್ಲ. "ಒಪ್ಪಿದವರು ಕೈ ಎತ್ರಿ."

ದುಗ್ಗಪ್ಪ ತಕ್ಷಣ ಎತ್ತಿದ. ಬಸಣ್ಣಿ ಫ್ಯಾನಿನ ಕಡೆ ನೋಡಿದ. ಕಾಶವ್ವನ ತುಟಿ ಅಲುಗುತ್ತಿತ್ತು; ಮೂರು ಪ್ರಶ್ನೆಗಳನ್ನು ಹೊಂದಿಸಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಹೆಮ್ಮೆಯಿಂದ ಎದೆ ಉಬ್ಬಿತು. ಆಗ ಅವಳು ಬೆರಳು ಜೋಡಿಸಿ, ತೋಳು ನೆಟ್ಟಗೆ ಮಾಡಿ, ನನ್ನ ತರಗತಿಯಲ್ಲಿ ಎತ್ತುತ್ತಿದ್ದ ಹಾಗೆಯೇ ಕೈ ಎತ್ತಿದಳು.

"ಧಣ್ಯಾರ, ಒಂದ್ ಪ್ರಶ್ನೆ ಐತ್ರಿ. ಇದು ಎಲ್ಲಿಗೆ ಹೋಗ್ತೇತಿ?"

ನಾನು ಎದ್ದು ನಿಂತೆ. ನಿಂತು ಏನು ಮಾಡುವುದು? ಅವಳು ಕೈ ಇಳಿಸಲು ಹೋದಳು. ಇಳಿಯಲಿಲ್ಲ. ಎಡಗೈಯಿಂದ ಹಿಡಿದು ಎಳೆದಳು. ಕುರ್ಚಿಯಿಂದ ಅವಳೇ ಮೇಲೆದ್ದಳೇ ಹೊರತು ಕೈ ಕೆಳಗೆ ಬರಲಿಲ್ಲ. ನನ್ನ ಕಡೆ ತಿರುಗಿ ನೋಡಿದಳು. ಆ ನೋಟವನ್ನು ನಾನು ಸಾಯುವ ತನಕ ಮರೆಯಲಾರೆ.

"ಠರಾವು ಪಾಸ್" ಎಂದರು ಹೊಸಕೇರಿಯವರು. ಆಮೇಲೆ ಮೆತ್ತಗೆ, "ಪ್ರಶ್ನೆ ಚಲೋ ಐತಿ ಕಾಶವ್ವ. ಹಳ್ಳಕ್ಕ ಹೋಗ್ತೇತಿ" ಎಂದರು.

ಹಳ್ಳ ಒಂದು ದಿನ ಕೆಂಪಾಗಿ ಹರಿಯಿತು, ಒಂದು ದಿನ ಕಡುನೀಲಿಯಾಗಿ. ಕೆಳಗಿನ ಓಣಿಯ ಎಮ್ಮೆಗಳು ನೀರಿನ ತನಕ ಹೋಗಿ ಮೂಸಿ ತಿರುಗಿ ಬಂದವು. ಮಕ್ಕಳ ಪಾದಕ್ಕೆ ಹತ್ತಿದ ಬಣ್ಣ ತಿಕ್ಕಿದರೂ ಹೋಗಲಿಲ್ಲ, ಆಮೇಲೆ ಅಲ್ಲಿ ಹುಣ್ಣಾಯಿತು. ಕಾರ್ಖಾನೆ ಇರುವ ತನಕ ನೀರು ಹರಿಯುತ್ತದೆ, ನೀರು ಹರಿಯುವ ತನಕ ಕಾಶವ್ವನ ಕೈ ಮೇಲೆ. ಓಣಿಯ ಹೆಂಗಸರು ದೂರದ ಬಾವಿಗೆ ಕೊಡ ಹೊತ್ತು ಹೋಗುವಾಗ ಅವಳ ಬಾಗಿಲ ಮುಂದೆ ನಿಂತು, "ನಮ್ಮ ಮಕ್ಕಳ ಕಾಲಿಗೆ ಹುಣ್ಣು ಎಬ್ಬಿಸಿದ ಕೈ ನೋಡ್ರೇ, ಹೆಂಗ ನಿಂತೈತಿ!" ಎಂದು ಗಟ್ಟಿಯಾಗಿ ಆಡಿಕೊಂಡರು. ಒಂದೇ ಕೈಯಲ್ಲಿ ಕಂಡಿಕೆ ಸುತ್ತಲಾಗದೆ ಅವಳ ಕೆಲಸವೂ ಹೋಯಿತು. ಚಾವಣಿಯನ್ನು ಯಾರೂ ಸರಿಮಾಡಿಸಲಿಲ್ಲ.

ನಾನು ಅವಳ ಮನೆಗೆ ಹೋದಾಗ ಎಡಗೈಯೊಂದರಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಒಂದು ಕಡೆ ದಪ್ಪ, ಒಂದು ಕಡೆ ಹರಿದು ಹೋದದ್ದು. ನನಗೆ ಅಳು ತಡೆಯಲಾಗಲಿಲ್ಲ. "ನಾ ಕಲಿಸಿದ್ದರಿಂದ ಹಿಂಗಾತವ್ವ. ಬಾಯಿ ಬಿಟ್ಟು ಕೇಳು ಅಂತ ಕಲಿಸೂದು ಬಿಟ್ಟು ಕೈ ಎತ್ತು ಅಂತ ಕಲಿಸಿದೆ" ಎಂದೆ.

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆಮೇಲೆ ಸಿಟ್ಟಿನಿಂದಲೇ ಹೇಳಿದಳು: "ಅತ್ರ ಕೈ ಇಳೀತೈತೇನ್ರಿ? ನೀವು ಅಳೂದ್ ನೋಡಾಕ ನನಗ ಪುರಸೊತ್ತಿಲ್ಲ. ನಾ ಕೇಳಿದ್ ಪ್ರಶ್ನೆ ಖರೇನ ಇತ್ತಲ್ರಿ? ಮತ್ತ ಉಳಿದ ಎರಡು ಯಾರ್ ಕೇಳವ್ರು?"

ಮರುದಿನವೇ ಅವಳು ತರಗತಿಗೆ ಬಂದು ಮುಂದಿನ ಬೆಂಚಿನಲ್ಲಿ ಕೂತಳು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಮೇಡಂ, ನೋಡಿದ್ರಲ್ಲ ಏನಾತು ಅಂತ. ಹಳೇ ಪದ್ಧತಿಗೇ ಹೋಗೂಣು. ಹಳ್ಳಗಿಳ್ಳ ಕಡೀಗಿರಲಿ" ಎಂದರು. "ಕಡೆಗೆ ಇಟ್ಟಿದ್ದಕ್ಕೇ ಈ ಊರು ಹಿಂಗಾಗೇತಿ ಸರ್. ನನ್ನ ತೆಗೀರಿ, ಇಲ್ಲಾಂದ್ರ ನನ್ನ ಪಾಡಿಗೆ ಬಿಡ್ರಿ" ಎಂದು ಬಾಗಿಲು ಎಳೆದುಕೊಂಡು ಬಂದೆ. ಅಂದಿನಿಂದ ನನ್ನ ತರಗತಿಯಲ್ಲಿ ಎಲ್ಲರೂ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬಾಯಿಂದ ಪ್ರಶ್ನೆ ಕೇಳಬೇಕೆಂದು ಕಟ್ಟುನಿಟ್ಟು ಮಾಡಿದೆ. ಕಾಶವ್ವ ಒಂದು ಅಂಗೈ ತೊಡೆಯ ಕೆಳಗಿಟ್ಟುಕೊಂಡು ಕೇಳಿದಳು. ಅವಳನ್ನು ನೋಡಲೆಂದೇ ಕೆಳಗಿನ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು, ಆಮೇಲೆ ಒಳಗೆ ಬಂದು ಕೂತರು, ಕೂತ ಮೇಲೆ ಅವಳನ್ನು ಬೈಯುವುದನ್ನು ಮರೆತು ನನ್ನ ಜೊತೆ ಜಗಳಕ್ಕಿಳಿದರು.

ಅಷ್ಟರಲ್ಲಿ ಬಸಣ್ಣಿ ಹೆದರಿ ಮಂಡಳಿ ಬಿಟ್ಟ. ಮೂವರು ಇಲ್ಲದೆ ಸಭೆ ಕೂಡುವಂತಿಲ್ಲ, ಸಭೆ ಕೂಡದೆ ಹೊಸಕೇರಿಯವರು ಆಸೆಪಟ್ಟ ಹೊಸ ಯಂತ್ರ ಬರುವಂತಿಲ್ಲ. ಅವರು ಆಳುಗಳನ್ನು ಓಣಿ ಓಣಿ ತಿರುಗಿಸಿದರು, ಒಂದು ಕೈಯೂ ಸಿಗಲಿಲ್ಲ. ಯಾರನ್ನು ಕೇಳಿದರೂ ಮೊದಲು ಮೂರು ಪ್ರಶ್ನೆ ಕೇಳುತ್ತಿದ್ದರಂತೆ. ಕೊನೆಗೆ ಅವರೇ ಕಾಲೇಜಿಗೆ ಬಂದರು.

"ಏನ್ ಕಲಿಸಿಟ್ಟೀರಿ ಬಾಯಾರ! ಊರಾಗ ಒಂದು ಕೈ ಸಿಗವಲ್ದು" ಎಂದು ನಗುತ್ತಲೇ ಹೇಳಿದರು.

"ನನ್ನ ಕೈ ಐತಲ್ರಿ" ಎಂದೆ.

ಅವರು ನನ್ನನ್ನು ಅಳೆದು ನೋಡಿದರು. ನನ್ನೊಬ್ಬಳ ಕೈಯಿಂದ ಯಾವ ಠರಾವೂ ಆಗದು. ದುಗ್ಗಪ್ಪ ತಮ್ಮವನು. ಕಾಶವ್ವ ಇನ್ನೊಂದು ಕೈ ಕಳೆದುಕೊಳ್ಳುವ ಧೈರ್ಯ ಮಾಡಲಾರಳು. ಇಷ್ಟು ಲೆಕ್ಕ ಅವರ ಮುಖದ ಮೇಲೇ ಕಾಣುತ್ತಿತ್ತು. "ಬರ್ರಿ, ಕುರ್ಚಿ ಖಾಲಿ ಐತಿ. ಪಾಠಾ ಹೇಳವರು ಕೈ ಎತ್ತಿದ್ದನ್ನ ನಾ ಅಂತೂ ಎಲ್ಲೂ ನೋಡಿಲ್ಲ" ಎಂದರು. ಆ ಮಾತು ನನಗೆ ನಾಟಿತು. ಯಾಕೆಂದರೆ ಅದು ನಿಜವಾಗಿತ್ತು.

ಸಭೆಗೆ ಮುಂಚೆ ದುಗ್ಗಪ್ಪನನ್ನು ತೂಬಿನ ಹತ್ತಿರ ಹಿಡಿದೆ. ಹೊಲಸು ನೀರು ನಿಲ್ಲಿಸಿ ಹಳ್ಳ ಹಸನು ಮಾಡುವ ಠರಾವನ್ನು ನಾನು ಮಂಡಿಸುತ್ತೇನೆ, ನೀನು ಎಡಗೈ ಎತ್ತಿದರೆ ಸಾಕು, ಹಳೆಯ ಠರಾವು ಬಿದ್ದು ತೂಬು ಮುಚ್ಚಿದ ಕ್ಷಣ ನಿನ್ನ ಬಲಗೈ ಇಳಿಯುತ್ತದೆ ಎಂದು ತಿಳಿಸಿ ಹೇಳಿದೆ. ಅವನು ಆಗಲಿ ಎಂದು ತಲೆ ಆಡಿಸಿದ. ಕಾಶವ್ವನಿಗೆ ಕಟ್ಟಪ್ಪಣೆ ಮಾಡಿದೆ: "ನೀ ಮಾತ್ರ ಎತ್ತಬ್ಯಾಡ. ಎರಡೂ ಮ್ಯಾಲ ಹೋದ್ರ ನಿನಗ ಗುಟುಕು ನೀರು ಕುಡಿಸಾಕ ಇನ್ನೊಬ್ಬರು ಬೇಕಾಗ್ತದ." ನಾನು ಮನೆಗೆ ಬಂದು ನನ್ನ ಉದ್ದ ಜಡೆಯನ್ನು ಕತ್ತರಿಸಿ ಹಾಕಿದೆ. ಒಂಟಿ ಹೆಂಗಸು ನಾನು, ಒಂದು ಕೈಯಲ್ಲಿ ಹೆಣೆದುಕೊಳ್ಳಲಾಗುವುದಿಲ್ಲ. ಕತ್ತರಿ ಹಿಡಿದ ಬಲಗೈಯನ್ನು ಒಂದು ಗಳಿಗೆ ನೋಡಿದೆ. ಭಯವಾಯಿತು, ಸುಳ್ಳೇಕೆ ಹೇಳಲಿ.

ಹೊಸಕೇರಿಯವರು ಯಂತ್ರದ ಮಾತು ತೆಗೆಯುವ ಮುಂಚೆಯೇ ನಾನು ಎದ್ದೆ. "ನಂದೊಂದು ಠರಾವು ಐತಿ. ಹಳೇ ಠರಾವು ರದ್ದು. ಬಣ್ಣದ ನೀರು ಹಳ್ಳಕ್ಕ ಬಿಡೂದು ಇವತ್ತಿಗೆ ಬಂದ್. ಸೋಸೂ ಟಾಕಿ ಹೊಸದು ಕಟ್ಟಬೇಕು. ಕೆಳಗಿನ ಓಣಿ ಮಂದಿ ಮತ್ತ ಆ ನೀರು ಕುಡಿಯೂ ತನಕ ಹಳ್ಳ ಹಸನು ಮಾಡೂದು ಕಂಪನಿ ಕೆಲಸ" ಎಂದು ಹೇಳಿ, ಯೋಚನೆಗೆ ಎಡೆ ಕೊಡದೆ ಬಲಗೈ ಎತ್ತಿಬಿಟ್ಟೆ.

ಭುಜದಲ್ಲಿ ಏನೋ ಕಚ್ಚಿಕೊಂಡಂತಾಯಿತು, ಅಷ್ಟೆ. ಹೊಸಕೇರಿಯವರ ನಗು ಮೊದಲ ಸಲ ಅರ್ಧಕ್ಕೆ ನಿಂತಿತು. ನಾನು ದುಗ್ಗಪ್ಪನ ಕಡೆ ನೋಡಿದೆ. ಅವನು ಧಣಿಯ ಕಡೆ ನೋಡಿದ. ಅವನ ಎಡಗೈ ತೊಡೆಯ ಮೇಲಿಂದ ಏಳಲಿಲ್ಲ. ಅವನು ತಲೆ ತಗ್ಗಿಸಿದ.

"ಒಂದ ಕೈ" ಎಂದರು ಹೊಸಕೇರಿಯವರು. "ಪಾಪ ಬಾಯಾರ, ಪಾಸಾಗದ ಠರಾವಿಗೆ ಸುಮ್ಮ ಸುಮ್ಮನ ಕೈ ಕಳಕೊಂಡ್ರಿ..."

"ತಡೀರಿ ಧಣ್ಯಾರ" ಎಂದಳು ಕಾಶವ್ವ. ಅವಳ ಎಡ ಅಂಗೈ ತೊಡೆಯ ಕೆಳಗಿತ್ತು. ನನ್ನ ಕಡೆ ತಿರುಗಿದಳು. "ಅಕ್ಕೋರ, ನಿಮ್ಮ ಠರಾವಿಗೂ ಕೇಳಬೇಕಲ್ರಿ. ಇದು ಎಲ್ಲಿಗೆ ಹೋಗ್ತೇತಿ?"

"ಹಳ್ಳಕ್ಕ" ಎಂದೆ.

"ಯಾರ ಮನಿ ಮುಂದ ಹೋಗ್ತೇತಿ?"

"ನಿನ್ನ ಮನಿ ಮುಂದನ."

"ಎಂದ ಮುಗಿತೇತಿ?"

ಒಳ್ಳೆಯ ಕೆಲಸವಲ್ಲವೇ ಎಂಬ ಹುಮ್ಮಸ್ಸಿನಲ್ಲಿ ನನ್ನ ಮೂರನೆಯ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ಹಳ್ಳದ ತಳದಲ್ಲಿ ಕೂತ ಬಣ್ಣ ಎಷ್ಟು ಆಳವೋ, ಯಾರು ಬಲ್ಲರು? "ಗೊತ್ತಿಲ್ಲವ್ವ" ಎಂದೆ. "ಹತ್ತು ವರ್ಷ ಆಗಬಹುದು. ನಾವಿಬ್ಬರೂ ಇರೂ ತನಕ ಮುಗೀದ ಇರಬಹುದು. ಉತ್ತರ ಸಿಗದಿದ್ರ ಎತ್ತಬ್ಯಾಡ ಅಂತ ನಾನ ಕಲಿಸೀನಿ. ಎತ್ತಬ್ಯಾಡ."

ಅವಳು ಯೋಚಿಸಿದಳು. ಅವಸರ ಮಾಡಲಿಲ್ಲ. ಹೊಸಕೇರಿಯವರು ಕೆಮ್ಮಿದರೂ ಲೆಕ್ಕಿಸಲಿಲ್ಲ. ಕೊನೆಗೆ, "ಗೊತ್ತಿಲ್ಲ ಅಂತ ಹೇಳಿದ್ರಲ್ಲ, ಅದು ಉತ್ತರಾನ ಆತು. ಇಲ್ಲೀ ತನಕ ಈ ಕುರ್ಚಿ ಮ್ಯಾಲ ಕುಂತು ಯಾರೂ ಹಂಗಂದಿಲ್ಲ" ಎಂದಳು. ತೊಡೆಯ ಕೆಳಗಿನಿಂದ ಎಡಗೈ ತೆಗೆದು, ಸೆರಗಿಗೆ ಒರೆಸಿಕೊಂಡು, ಎತ್ತಿದಳು.

"ಠರಾವು ಆತ್ರಿ" ಎಂದು ಮೊದಲು ಕೂಗಿದವನು ದುಗ್ಗಪ್ಪ. ಕುರ್ಚಿ ಹಿಂದಕ್ಕೆ ಬಿದ್ದದ್ದನ್ನೂ ನೋಡದೆ ತೂಬಿನ ಕಡೆ ಓಡಿದ. "ಏ ದುಗ್ಗಪ್ಪ!" ಎಂದು ಅಧ್ಯಕ್ಷರು ಕರೆದರು. "ಠರಾವು ಆಗೇತ್ರಿ ಧಣ್ಯಾರ, ನಂದೇನೂ ಇಲ್ಲ" ಎಂದು ಅವನು ಓಡುತ್ತಲೇ ಹೇಳಿದ. ಎರಡೂ ಕೈ ಮೇಲಿದ್ದ ಕಾಶವ್ವ, ಒಂದು ಕೈ ಮೇಲಿದ್ದ ನಾನು ಅವನ ಹಿಂದೆ ಹೋದೆವು. ಕೆಳಗಿನ ಓಣಿಯ ಹೆಂಗಸರು ನಮ್ಮನ್ನು ನೋಡಿ ಕೊಡ ಇಳಿಸಿ ಜೊತೆಗೆ ಬಂದರು.

ದುಗ್ಗಪ್ಪ ಎಡಗೈಯಿಂದ ತೂಬಿನ ಚಕ್ರ ತಿರುಗಿಸಿದ. ಅದು ತುಕ್ಕು ಹಿಡಿದಿತ್ತು. ಹೆಂಗಸರು ಕೈ ಹಚ್ಚಿದರು. ಕೆಂಪು ನೀರು ತೆಳ್ಳಗಾಯಿತು, ಹನಿಹನಿಯಾಯಿತು, ನಿಂತಿತು. ದುಗ್ಗಪ್ಪನ ಬಲಗೈ ದೊಪ್ಪನೆ ಬಿತ್ತು. ಅವನು ಅದನ್ನು ಅವಚಿಕೊಂಡು ಅಲ್ಲೇ ಕೂತು ಅತ್ತ. ಕಾಶವ್ವನ ಬಲಗೈಯೂ ಇಳಿಯಿತು. ನಾನು ಅದನ್ನು ನನ್ನ ಎಡಗೈಯಲ್ಲಿ ಹಿಡಿದುಕೊಂಡೆ. ಮರಗಟ್ಟಿ ತಣ್ಣಗಾಗಿತ್ತು. ತಿಕ್ಕಿದೆ, ಬೆರಳು ಬೆರಳನ್ನೂ ಬಿಡಿಸಿ ತಿಕ್ಕಿದೆ. ಬಹಳ ಹೊತ್ತಿನ ಮೇಲೆ ಅವಳ ಹೆಬ್ಬೆರಳು ಅಲುಗಿತು.

"ಸಾಕು ಬಿಡ್ರಿ, ಜೀವ ಬಂತು" ಎಂದಳು. ಹಳ್ಳದ ಕಡೆ ನೋಡಿದಳು. ನೀರು ನಿಂತ ಮೇಲೆ ತಳದ ರಾಡಿ ಕಾಣುತ್ತಿತ್ತು, ಎಲ್ಲ ಬಣ್ಣವೂ ಕಲೆತು ಕರ್ರಗಾದದ್ದು, ಕಣ್ಣು ಹಾಯಿಸಿದಷ್ಟು ದೂರ. "ಧಣ್ಯಾರು ಟಾಕಿ ಕಟ್ಟಿಸೂ ತನಕ ನಾವು ಕುಂದರೂದ್ ಬ್ಯಾಡ. ಬರ್ರಿ ಅಕ್ಕೋರ."

ಯಾರೋ ಬುಟ್ಟಿ ತಂದರು, ಯಾರೋ ಸಲಿಕೆ. ಕಾಶವ್ವ ಸೀರೆ ಎತ್ತಿ ಕಟ್ಟಿ ರಾಡಿಗೆ ಇಳಿದಳು, ನಾನೂ ಇಳಿದೆ. ಅವಳ ಎಡಗೈ ಮೇಲೆ, ನನ್ನ ಬಲಗೈ ಮೇಲೆ. ಮೊದಲ ಬುಟ್ಟಿ ತುಂಬಿದಾಗ ಅದರ ಒಂದು ಹಿಡಿಯನ್ನು ಅವಳು ಹಿಡಿದಳು, ಇನ್ನೊಂದನ್ನು ನಾನು ಹಿಡಿದೆ, ಇಬ್ಬರೂ ಸೇರಿ ದಂಡೆಗೆ ಎತ್ತಿ ಇಟ್ಟೆವು.